ಮೂರು ದಿನದ ಕ್ವಾಂಟಮ್

ದೊಡ್ಡಬಳ್ಳಾಪುರದ ಧನುಶ್ರೀಯನ್ನು ನೋಡಲು ದಾಬಸ್‌ಪೇಟೆಯಿಂದ ಗಂಡಿನ ಕಡೆಯವರು ಬಂದಿದ್ದರು. ಅವಳು ಫಿಸಿಕ್ಸ್‌ನಲ್ಲಿ ಎಂಎಸ್ಸಿ ಮಾಡುತ್ತಿದ್ದಳು. ಮದುವೆಯಾದರೂ ಓದು ಮುಗಿಸಲು ಬಿಡಬೇಕು ಎಂಬುದೊಂದೇ ಅವಳ ಷರತ್ತು.

"ಈಗ ಏನು ಓದ್ತಿದ್ದೀಯಮ್ಮ?" ಎಂದು ಹುಡುಗನ ಸೋದರಮಾವ ಯೋಗಾನಂದ ಕೇಳಿದರು.

"ಕ್ವಾಂಟಮ್ ಮೆಕ್ಯಾನಿಕ್ಸ್."

ಯೋಗಾನಂದರ ಮುಖ ಅರಳಿತು. ಕಲ್ಯಾಣಮಂಟಪವೊಂದರಲ್ಲಿ ನಡೆದ ಕ್ವಾಂಟಮ್ ಶಿಬಿರಕ್ಕೆ ಹೋಗಿಬಂದ ಮೇಲೆ ಅವರು ಸಕ್ಕರೆ ಕಾಯಿಲೆಯ ಮಾತ್ರೆ ಬಿಟ್ಟು ಜಹಾಂಗೀರು ತಿನ್ನಲು ಶುರುಮಾಡಿದ್ದರು.

"ಅಯ್ಯೋ, ಅದಕ್ಯಾಕೆ ಎರಡು ವರ್ಷ? ನಮ್ಮ ಶಿಬಿರದ ಗುರುಗಳು ಮೂರೇ ದಿನಕ್ಕೆ ಮುಗಿಸ್ಬಿಟ್ರು. ಊಟಾನೂ ಅವರದ್ದೇ."

"ಲೆಕ್ಕ ಮಾಡಿಸಿದ್ರಾ ಅಂಕಲ್?"

"ಲೆಕ್ಕ ಎಲ್ಲಾ ಕೆಳಗಿನ ಹಂತದೋರಿಗಮ್ಮ. ಕಣ್ಮುಚ್ಚಿ ಗಟ್ಟಿಯಾಗಿ ಅಂದ್ಕೋಬೇಕು, ಅಷ್ಟೆ. ಅಂದ್ಕೊಂಡಿದ್ದು ಆಗ್ಬಿಡುತ್ತೆ."

ಒಂದೇ ಒಂದು ಹೈಡ್ರೋಜನ್ ಪರಮಾಣುವಿನ ಜೊತೆ ತಿಂಗಳಿಂದ ಗುದ್ದಾಡುತ್ತಿದ್ದ ಧನುಶ್ರೀ ತುಟಿ ಕಚ್ಚಿಕೊಂಡಳು.

"ಕಾಲೇಜು ಬಿಡ್ಲಿ. ಮದುವೆ ಆದ್ಮೇಲೆ ನಾನೇ ಶಿಬಿರಕ್ಕೆ ಸೇರಿಸ್ತೀನಿ. ಸರ್ಟಿಫಿಕೇಟೂ ಕೊಡ್ತಾರೆ," ಎಂದು ಯೋಗಾನಂದ ತೀರ್ಪು ಕೊಟ್ಟರು. ಹುಡುಗ ಸಂತೋಷ್ ಭಕ್ತಿಯಿಂದ ತಲೆಯಾಡಿಸಿದ.

ಕಾಫಿ ಲೋಟ ಎತ್ತುತ್ತಿದ್ದ ಧನುಶ್ರೀಯ ತಾಯಿ ನಾಗಲಕ್ಷ್ಮಮ್ಮ ನಕ್ಕರು.

"ಒಳ್ಳೇದೇ ಆಯ್ತು ಬಿಡಿ ಅಣ್ಣ. ಮದುವೆ ಆಗೋಯ್ತು ಅಂತ ನೀವೆಲ್ಲ ಗಟ್ಟಿಯಾಗಿ ಅಂದ್ಕೊಂಡು ಹೊರಡಿ. ಛತ್ರ ಹುಡುಕೋ ತಾಪತ್ರಯಾನೂ ತಪ್ತು. ನಮ್ಮ ಹುಡುಗಿ ಸೋಮವಾರ ಕಾಲೇಜಿಗೆ ಹೋಗ್ತಾಳೆ."

ಯೋಗಾನಂದ ಮುಖ ಊದಿಸಿಕೊಂಡು ಎದ್ದು ನಿಂತರು. ಕೂತಲ್ಲೇ ಕೂತಿದ್ದ ಸಂತೋಷ್ ಅವರ ಅಂಗಿ ಜಗ್ಗಿ ಮೆಲ್ಲಗೆ ಕೇಳಿದ:

"ಅಂದ್ರೆ, ಮದುವೆ ಆಯ್ತಾ ಮಾವ?"