ರಾಗಿ ಮಡಕೆಯ ಹಿಂದಿನ ಸೀಸೆ

ಕಂದು ಸೀಸೆಯ ಬಿರಡೆ ತೆಗೆದ ಅಂಜಿನಮ್ಮ ಒಮ್ಮೆ ಹೊರಗೆ ಇಣುಕಿ ನೋಡಿದಳು. ಮಗಳು ಆದಿಲಕ್ಷ್ಮಿ ಜಗಲಿಯ ಬಿಸಿಲಲ್ಲಿ ಎರಡು ಕಂಬಳಿ ಹೊದ್ದು ಗಡಗಡ ನಡುಗುತ್ತಾ ಕೂತಿದ್ದಳು. ಏಳು ತಿಂಗಳ ಬಸುರಿ, ಚೊಚ್ಚಲು. ದಿನ ಬಿಟ್ಟು ದಿನ ಹೊತ್ತು ನೆತ್ತಿಗೇರುವ ವೇಳೆಗೆ ಆ ಚಳಿಜ್ವರ ಹೇಳಿಕಳಿಸಿದ ಹಾಗೆ ಬರುತ್ತಿತ್ತು. ಅಂಜಿನಮ್ಮ ಸೀಸೆಯಲ್ಲಿದ್ದ ಔಷಧಿಯನ್ನು ಬೇರೊಂದು ಖಾಲಿ ಸೀಸೆಗೆ ಬಗ್ಗಿಸಿ ರಾಗಿ ಮಡಕೆಯ ಹಿಂದೆ ಇಟ್ಟಳು. ಕಂದು ಸೀಸೆಗೆ ಆರಿದ ನೆಲಬೇವಿನ ಕಷಾಯ ತುಂಬಿದಳು. ಹೊತ್ತಿಗೆ ಎಷ್ಟು ಕುಡಿಯಬೇಕೆಂದು ತೋರಿಸಲು ಅಂಟಿಸಿದ್ದ ಹಲ್ಲುಹಲ್ಲಾದ ಕಾಗದದ ಪಟ್ಟಿ ಸೀಸೆಯ ಮೈಮೇಲೆ ಹಾಗೆಯೇ ಇತ್ತು.

ಅವತ್ತು ಬೆಳಿಗ್ಗೆ ತಾನೇ ಹಲಸೂರಿನ ದವಾಖಾನೆಯಲ್ಲಿ ಡಾಕ್ಟರಮ್ಮ ಮಗಳ ಕಣ್ಣಿನ ರೆಪ್ಪೆ ಎಳೆದು ನೋಡಿ, "ಮೈಯಲ್ಲಿ ರಕ್ತಾನೇ ಇಲ್ವಲ್ಲಮ್ಮ" ಅಂದಿದ್ದಳು. ಅಳಿಯ ಮುನಿರಾಜಪ್ಪ ಕೃಷ್ಣರಾಜಪುರದಲ್ಲಿ ರೈಲ್ವೆ ಗ್ಯಾಂಗಿನವನು. ಲೈನಿನ ಪಕ್ಕದ ಮನೆ, ಸುತ್ತ ಮಿಲಿಟರಿಯವರು ಮಣ್ಣು ತೆಗೆದ ಗುಂಡಿಗಳು, ಗುಂಡಿ ತುಂಬ ನೀರು, ನೀರಿನ ತುಂಬ ಸೊಳ್ಳೆ. ಬಾಣಂತನಕ್ಕೆಂದು ತವರಿಗೆ ಬಂದ ಹುಡುಗಿ ಜ್ವರವನ್ನೂ ಜೊತೆಗೇ ತಂದಿದ್ದಳು.

"ಇದು ಕ್ವಿನೈನು. ಯುದ್ಧ ಬಂದ ಮೇಲೆ ಸಿಗೋದೇ ಕಷ್ಟ, ಒಂದು ಹನೀನೂ ಚೆಲ್ಲಬೇಡಿ" ಅಂದಳು ಡಾಕ್ಟರಮ್ಮ. ಆಮೇಲೆ ಅಂಜಿನಮ್ಮನ ಕಡೆ ತಿರುಗಿ, "ಹೊಟ್ಟೇಲಿರೋದು ಹೋಗ್ಬಿಡುತ್ತೆ ಅಂತ ಎಷ್ಟೋ ಜನ ಚೆಲ್ಲಿಬಿಡ್ತಾರೆ. ಮಗೂನ ತೆಗೆಯೋದು ಜ್ವರ, ಔಷಧಿ ಅಲ್ಲ. ಈ ಜ್ವರ, ಹೆತ್ತ ಮೇಲೆ ಬೀಳುತ್ತಲ್ಲ, ಆ ಮಾಸಿನೊಳಗೇ ಹೋಗಿ ಕೂರುತ್ತೆ. ಮಾಸು ಕಪ್ಪಾಗುತ್ತೆ, ಮಗೂಗೆ ಏನೂ ಸೇರೋದಿಲ್ಲ. ನೀನು ಸೂಲಗಿತ್ತಿ, ನಿನಗೆ ಹೇಳಬೇಕಾ?" ಅಂದಳು.

ಅಂಜಿನಮ್ಮ ತಲೆಯಾಡಿಸಿದಳು. ಆದರೆ ಆ ಔಷಧಿಯ ಹೆಸರು ಅವಳಿಗೆ ಹೊಸದಾಗಿರಲಿಲ್ಲ. ಹಲಸೂರು ಕೆರೆಯ ಆಚೀಚೆ ಅವಳ ಕೈಗುಣ ಗೊತ್ತಿಲ್ಲದ ಮನೆಯಿಲ್ಲ. ಅಡ್ಡ ತಿರುಗಿದ ಮಗುವನ್ನೂ ಎಣ್ಣೆ ಕೈಯಲ್ಲಿ ಸವರಿ ಸವರಿ ನೆಟ್ಟಗೆ ಮಾಡಿದವಳು. ಹಿತ್ತಿಲ ಬಾಗಿಲಿಗೆ ಬರುವವರೂ ಇದ್ದರು. ಬಂಗಲೆಯ ಆಯಾ, ಗಂಡ ಸತ್ತು ವರ್ಷವಾದ ಹೆಣ್ಣು, ಮದುವೆಯಾಗದ ಹುಡುಗಿ. ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಬಂದ ಅವರಿಗೆ ಅಂಜಿನಮ್ಮ ಬಿಸಿ ಬೆಲ್ಲದ ನೀರಿನಲ್ಲಿ ಕಲಸಿ ಕುಡಿಸುತ್ತಿದ್ದದ್ದು ಇದನ್ನೇ, ಬೊಗಸೆಗಟ್ಟಲೆ. ಇಳಿದದ್ದನ್ನು ಹಳೇ ಬಟ್ಟೆಯಲ್ಲಿ ಸುತ್ತಿ ಹೂತದ್ದೂ ಅವಳೇ. ನಾಲ್ಕು ಹನಿಗೂ ಬೊಗಸೆಗೂ ಏನು ವ್ಯತ್ಯಾಸ ಎಂದು ಡಾಕ್ಟರಮ್ಮನನ್ನು ಕೇಳಬಹುದಿತ್ತು. ಕೇಳಿದರೆ, ನಿನಗೆ ಹೇಗೆ ಗೊತ್ತು ಅನ್ನುತ್ತಿದ್ದಳು. ಬಾಯಿ ಮುಚ್ಚಿಕೊಂಡು ಬಂದಳು. ಹೆತ್ತು ಗೊತ್ತಿಲ್ಲದ ಈ ಡಾಕ್ಟರ್ ಹುಡುಗಿಗೇನು ತಿಳಿಯುತ್ತೆ ಎಂದು ದಾರಿಯುದ್ದಕ್ಕೂ ತನಗೆ ತಾನೇ ಹೇಳಿಕೊಂಡಳು.

ಹಾಗಾದರೆ ಚರಂಡಿಗೆ ಚೆಲ್ಲಬಹುದಿತ್ತು. ಚೆಲ್ಲಲಿಲ್ಲ. ಸಿಗದ ವಸ್ತು, ನಾಳೆ ಯಾವಳಾದರೂ ಅಳುತ್ತಾ ಹಿತ್ತಿಲಿಗೆ ಬಂದರೆ ಬೇಕಾಗುತ್ತೆ ಅನ್ನಿಸಿತು.

ಆದಿಲಕ್ಷ್ಮಿ ಮಾತ್ರ ಪಟ್ಟಿಯ ಗುರುತು ನೋಡಿಕೊಂಡು ದಿನಕ್ಕೆ ಮೂರು ಹೊತ್ತು, ಮೂಗು ಹಿಡಿದುಕೊಂಡು ಕುಡಿದಳು. ಸೀಸೆ ಮುಗಿದರೆ ಅಂಜಿನಮ್ಮ ದವಾಖಾನೆಗೆ ಹೋಗಿ ಬಂದೆನೆಂದು ಹೇಳಿ ಮತ್ತೆ ಕಷಾಯ ತುಂಬುತ್ತಿದ್ದಳು. "ಈ ಕಹಿಗಾದ್ರೂ ಹೆದರಿ ಜ್ವರ ಓಡೋಗ್ಬೇಕು ಕಣಮ್ಮಾ" ಎಂದು ನಗುತ್ತಿದ್ದಳು ಹುಡುಗಿ. ನಗುವಾಗ ಅವಳ ಒಸಡು ಸುಣ್ಣದ ಗೋಡೆಯಂತೆ ಬೆಳ್ಳಗೆ ಕಾಣುತ್ತಿತ್ತು.

ಎಂಟು ತುಂಬುವ ಮೊದಲೇ, ಒಂದು ಬೆಳಿಗ್ಗೆ ನೀರು ಸೇದಲು ಎದ್ದವಳಿಗೆ ನೋವು ಬಂತು. ಹೆರಿಗೆ ಕಷ್ಟವಾಗಲಿಲ್ಲ; ಕಷ್ಟವಾಗುವಷ್ಟು ಮಗುವೇ ಇರಲಿಲ್ಲ. ಹೆಣ್ಣು. ಅಂಜಿನಮ್ಮನ ಒಂದು ಅಂಗೈಯಲ್ಲಿ ತಲೆ, ಇನ್ನೊಂದರಲ್ಲಿ ಉಳಿದದ್ದೆಲ್ಲ. ಎರಡು ಸಲ ಬೆಕ್ಕಿನ ಮರಿಯ ಹಾಗೆ ಕುಯ್‌ ಎಂದಿತು. ಮೊರದಲ್ಲಿ ಹತ್ತಿ ಹಾಸಿ ಮಲಗಿಸಿ, ಪಕ್ಕದಲ್ಲಿ ಕೆಂಡ ಇಟ್ಟು, ಬತ್ತಿಯಿಂದ ತುಟಿಗೆ ಹಾಲು ಮುಟ್ಟಿಸಿದಳು. ಚೀಪಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಕೆಂಡವೂ ಬೇಕಾಗಲಿಲ್ಲ.

ಮಾಸನ್ನು ಹೂಳಲು ಹಿತ್ತಿಲಿಗೆ ತಂದಾಗ ಅಂಜಿನಮ್ಮ ಅದನ್ನು ಬಿಸಿಲಿಗೆ ಹಿಡಿದು ನೋಡಿದಳು. ನೂರಾರು ಮಾಸು ಕಂಡ ಕಣ್ಣು ಅದು. ಕೆಂಪಗೆ ತುಂಬಿಕೊಂಡಿರಬೇಕಾದದ್ದು ಮಸಿ ಬಳಿದಂತೆ ಕಪ್ಪಗಿತ್ತು. ಡಾಕ್ಟರಮ್ಮ ಹೇಳಿದ್ದ ಮಾತು ಅಕ್ಷರಕ್ಕೆ ಅಕ್ಷರ ಅಲ್ಲಿತ್ತು. ಅಂಜಿನಮ್ಮ ಅಲ್ಲೇ ಮಣ್ಣಿನ ಮೇಲೆ ಕುಕ್ಕರಿಸಿದಳು. ಅಯ್ಯೋ, ನಾನೇ ತಿಂದೆನಲ್ಲ ಎಂದು ಎದೆ ಎದೆ ಬಡಿದುಕೊಂಡಳು, ಒಳಗೆ ಕೇಳಿಸದ ಹಾಗೆ.

ಒಳಗೆ ಆದಿಲಕ್ಷ್ಮಿ ಸೂರು ನೋಡುತ್ತಾ ಮಲಗಿದ್ದಳು. "ಒಂದು ಹೊತ್ತೂ ತಪ್ಪಿಸ್ಲಿಲ್ಲ ಕಣಮ್ಮಾ. ಗುರುತು ನೋಡ್ಕೊಂಡೇ ಕುಡಿದೆ. ಆದ್ರೂ ಯಾಕಮ್ಮಾ ಹಿಂಗಾಯ್ತು?" ಅಂದಳು.

ಅಂಜಿನಮ್ಮ ಕಂಬಳಿ ಎಳೆದು ಹೊದಿಸಿದಳು. "ಮಲಕ್ಕೋ, ತಾಯೀ" ಎಂದಷ್ಟೇ ಅಂದಳು.

ಮೂರನೆಯ ದಿನ ಚಳಿ ಮತ್ತೆ ಬಂತು. ಹಲ್ಲಿಗೆ ಹಲ್ಲು ಬಡಿಯತೊಡಗಿತು, ಉಗುರು ನೀಲಿಯಾಯಿತು. ಅಂಜಿನಮ್ಮ ಈ ಸಲ ತಡಮಾಡಲಿಲ್ಲ. ರಾಗಿ ಮಡಕೆಯ ಹಿಂದೆ ಕೈ ಹಾಕಿ ಆ ಸೀಸೆ ತೆಗೆದು, ಚಮಚಕ್ಕೆ ಬಗ್ಗಿಸಿ ಮಗಳ ತುಟಿಗೆ ಹಿಡಿದಳು. ಆದಿಲಕ್ಷ್ಮಿ ಅಭ್ಯಾಸದಂತೆ ಮೂಗು ಹಿಡಿದುಕೊಂಡು ಬಾಯಿ ತೆರೆದಳು. ನುಂಗಲಿಲ್ಲ. ಬಾಯಲ್ಲಿಟ್ಟುಕೊಂಡೇ ಅಮ್ಮನ ಮುಖ ನೋಡಿದಳು. ಆಮೇಲೆ ನುಂಗಿದಳು.

"ಇದು ಬೇರೆ ಕಹಿ."

ಅಂಜಿನಮ್ಮ ಚಮಚವನ್ನು ಸೆರಗಿಗೆ ಒರೆಸಿದಳು.

"ಇದೇ ಏನಮ್ಮಾ ಡಾಕ್ಟರಮ್ಮ ಕೊಟ್ಟಿದ್ದು?"

"ನಾನೇ ಬದಲಾಯಿಸ್ದೆ. ಹೊಟ್ಟೇದು ಉಳೀಲಿ ಅಂತ ಮಾಡ್ದೆ ಕಣೇ. ನೀನು ಕುಡಿದದ್ದು ಕಷಾಯ."

ಹುಡುಗಿಯ ಕುಪ್ಪಸದ ಮೇಲೆ ಹಾಲು ಒಸರಿ ಎರಡು ಕಡೆ ಒದ್ದೆಯಾಗಿತ್ತು. ಕಂಬಳಿಯೊಳಗಿಂದ ನಡುಗುವ ಕೈ ಚಾಚಿ ಸೀಸೆಯನ್ನೂ ಚಮಚವನ್ನೂ ಅಮ್ಮನ ಕೈಯಿಂದ ತೆಗೆದುಕೊಂಡಳು. "ಇನ್ಮೇಲೆ ನಾನೇ ಹಾಕ್ಕೋತೀನಿ" ಅಂದಳು. ಇನ್ನೊಂದು ಚಮಚ ತಾನೇ ಬಗ್ಗಿಸಿಕೊಳ್ಳುವಾಗ ಕೈ ನಿಲ್ಲದೆ ಒಂದು ಹನಿ ಚಾಪೆಯ ಮೇಲೆ ಬಿತ್ತು. ಅಂಜಿನಮ್ಮ ಸೀಸೆ ಹಿಡಿಯಲು ಮುಂದಾದಳು. ಆದಿಲಕ್ಷ್ಮಿ ಅದನ್ನು ಆ ಕಡೆಗೆ ಸರಿಸಿಕೊಂಡಳು. ಚಾಪೆಯ ಮೇಲಿನ ಹನಿಯನ್ನು ಬೆರಳಿನಿಂದ ಒರೆಸಿ ನಾಲಿಗೆಗಿಟ್ಟುಕೊಂಡಳು.