ಪುತಳಾಬಾಯಿಯ ಬೀಳ್ಕೊಡುಗೆ ಹಾಡು

ಕಮಲಾಪುರದ ಕೆಂಪು ಬಾಳೆ ತೋಟಗಳಿಗೆ ಕೂಲಿಗೆ ಹೋಗುತ್ತಿದ್ದ ಪುತಳಾಬಾಯಿ ಕೆಲಸ ಮಾಡುತ್ತಲೇ ಹಾಡು ಕಟ್ಟುತ್ತಿದ್ದಳು. ಗಂಡ ತೀರಿಹೋಗಿದ್ದ, ಇದ್ದವಳು ಒಬ್ಬಳೇ ಮಗಳು ಸುಮಂಗಲಾ. ಅವಳು ಮದುವೆಯಾಗಿ ಗಂಡನ ಮನೆಗೆ ಹೊರಟಾಗ ತಾಯಿ ತಾನೇ ಕಟ್ಟಿದ ಹಾಡು ಹೇಳಿದಳು: ‘ನಮ್ಮ ಬಾಗಿಲಿಗೆ ಕೀಲಿ ಇಲ್ಲವ್ವ, ಬೇಕಾದಾಗ ಬಾರವ್ವ.’

ಆ ಮದುವೆಗೆ ಢೋಲಕ್ ಬಾರಿಸಲು ಬಂದಿದ್ದ ಕಲಬುರಗಿ ಮೋಮಿನಪುರದ ಇನಾಯತ್ ಅದನ್ನು ಕೇಳಿ, ಆಕೆಯನ್ನು ಶಹಾಬಜಾರದ ಜಹೀರುದ್ದೀನನ ಸ್ಟುಡಿಯೋಗೆ ಕರೆದೊಯ್ದ. ಅಲ್ಲಿ ರೆಕಾರ್ಡ್ ಆದ ಹಾಡು ಮೊಬೈಲಿನಿಂದ ಮೊಬೈಲಿಗೆ ಹರಿದಾಡಿತು. ಕಲಬುರಗಿಯ ಮದುವೆಗಳಲ್ಲಿ ಹೆಣ್ಣು ಕಳಿಸುವ ಹೊತ್ತಿಗೆ ಪುತಳಾಬಾಯಿಯೇ ಬೇಕೆನ್ನುವಂತಾಯಿತು. ಆಕೆ ಕೂಲಿ ಬಿಟ್ಟಳು.

ಹಾಗಿರುವಾಗ ಸುಮಂಗಲಾ ಹೆರಿಗೆಯಲ್ಲಿ ತೀರಿಹೋದಳು. ಕೂಸೂ ಉಳಿಯಲಿಲ್ಲ.

ಕೆಲವು ತಿಂಗಳ ನಂತರ ಕಲಬುರಗಿಯ ಮದುವೆಯೊಂದರಲ್ಲಿ ಪುತಳಾಬಾಯಿ ಬೇರೆ ಹಾಡುಗಳನ್ನಷ್ಟೇ ಹಾಡಿದಳು. ಮದುಮಗಳ ತಂದೆ ಹತ್ತಿರ ಬಂದ.

“ಬಾಯಾರ, ಆ ಹಾಡು ಹಾಡ್ರಿ. ಅದಕ್ಕೇ ನಿಮ್ಮನ್ನ ಕರಸೀವಿ.”

“ಅಕ್ಕನ ಗಂಟಲು ಕೆಟ್ಟದರೀ,” ಎಂದ ಇನಾಯತ್.

“ಸುಳ್ಳ ಯಾಕ ಹೇಳ್ತಿ ತಮ್ಮಾ? ಆ ಮದುಮಗಳು ಏನ್ ತಪ್ಪ ಮಾಡ್ಯಾಳ? ಬಾರ್ಸು,” ಎಂದಳು ಆಕೆ.

‘ಬೇಕಾದಾಗ’ ಎನ್ನುವವರೆಗೆ ಹಾಡಿದಳು. ಮುಂದಿನ ಮಾತು ಬಾಯಿಂದ ಹೊರಡಲಿಲ್ಲ. ಆಕೆ ಎತ್ತಿಕೊಳ್ಳಲೆಂದು ಇನಾಯತ್ ಅದೇ ತಾಳವನ್ನು ಮತ್ತೆ ಮತ್ತೆ ಬಾರಿಸಿದ. ಆಕೆ ಮೈಕು ಕೆಳಗಿಟ್ಟು ಗೋಡೆಯ ಕಡೆ ತಿರುಗಿ ನಿಂತಳು. ಮದುಮಗಳ ತಾಯಿ ಮಗಳನ್ನು ಅವಸರದಿಂದ ಹೊರಗೆ ಕರೆದೊಯ್ದಳು.

ಆಮೇಲೆ ಕರೆಯುವವರು ಕಡಿಮೆಯಾದರು. ಹಾಡನ್ನು ಮಾತ್ರ ಬೇರೆಯವರು ಹಾಡತೊಡಗಿದರು.

ಪುತಳಾಬಾಯಿ ಸತ್ತ ಮಗಳ ಮೇಲೆ ಇನ್ನೊಂದು ಹಾಡು ಕಟ್ಟಿದಳು. ರೆಕಾರ್ಡ್ ಮಾಡಿಸೋಣವೆಂದು ಇನಾಯತ್‌ನೊಂದಿಗೆ ಶಹಾಬಜಾರಕ್ಕೆ ಹೋದಳು. ಜಹೀರುದ್ದೀನ್ ಅರ್ಧಕ್ಕೇ ಕೈಯೆತ್ತಿ ನಿಲ್ಲಿಸಿದ. ಅವನ ಕಣ್ಣುಗಳು ಒದ್ದೆಯಾಗಿದ್ದವು.

“ಹಾಡು ಛಲೋ ಅದ ಬಾಯಿ. ಆದ್ರ ಇಷ್ಟು ದುಃಖ ಯಾರು ಕೇಳ್ತಾರ? ಮೊದಲಿನಂಥಾದ್ದೊಂದು ಕಟ್ಟ್ರಿ.”

“ಅಂಥಾದ್ದು ಕಟ್ಟಾಕ ಸುಮಂಗಲಾ ಬೇಕಲ್ರೀ,” ಎಂದು ಪುತಳಾಬಾಯಿ ಸೆರಗು ಹೊದ್ದು ಎದ್ದಳು.

ಈಗ ಆಕೆ ಮತ್ತೆ ಬಾಳೆ ತೋಟಕ್ಕೆ ಹೋಗುತ್ತಾಳೆ. ಕೆಲಸದಲ್ಲಿ ಹಾಡುವುದಿಲ್ಲ. ಕಮಲಾಪುರದ ಸಂತೆಗೆ ಬಂದಾಗ ಇನಾಯತ್ ಆಕೆಯ ಮನೆಗೆ ಹೋಗಿ, “ಅಕ್ಕಾ, ಹೊಸಾದು ಹೇಳು,” ಎನ್ನುತ್ತಾನೆ. ಆಕೆ ಸತ್ತ ಮಗಳ ಆ ಹಾಡನ್ನು ಮೆಲ್ಲಗೆ, ಪೂರ್ತಿ ಹೇಳುತ್ತಾಳೆ. ಅದನ್ನು ಕೊನೆಯವರೆಗೆ ಕೇಳಿದವನು ಅವನೊಬ್ಬನೇ.