ಒಳಮಡಿಕೆ

ಗೋಡೆಯ ಮೇಲೆ ಬಿಡಿಸಿದ್ದ ಜಿರಾಫೆಯ ಹೊಟ್ಟೆಗೂ ಹುಡುಗಿಯ ನೆತ್ತಿ ಮುಟ್ಟಲಿಲ್ಲ. "ಹಿಮ್ಮಡಿ ಗೋಡೆಗೆ ತಾಗಲಿ ಪುಟ್ಟಿ. ಕತ್ತು ಚಾಚಬೇಡ," ಎಂದು ನರ್ಸಮ್ಮ ಮರದ ಪಟ್ಟಿಯನ್ನು ಮೆಲ್ಲಗೆ ಇಳಿಸಿದಳು. ಹುಡುಗಿ ಕೊಕ್ಕರೆಯಂತೆ ಕತ್ತು ಚಾಚಿದ್ದೇ ಚಾಚಿದ್ದು. ಪಟ್ಟಿ ಮಾತ್ರ ಯಾರ ಮುಲಾಜಿಗೂ ಬೀಳಲಿಲ್ಲ.

ಅವಳ ತಾಯಿ ದರ್ಜಿಯಮ್ಮ ಬೆಂಚಿನ ತುದಿಯಲ್ಲಿ ಕೂತಿದ್ದಳು. ಹಸಿರು ಪರದೆಯಿಂದ ಸೋಸಿ ಬಂದ ಬೆಳಕಿನಲ್ಲಿ ಆಸ್ಪತ್ರೆಯ ಆ ಕೋಣೆ ಕೆರೆಯ ತಳದಂತಿತ್ತು, ಸಾಲಿನಲ್ಲಿದ್ದ ಮಕ್ಕಳು ತೇಲುತ್ತಿರುವ ಹಾಗಿತ್ತು. ಅವಳಿಗೆ ಮಂಪರು ಕವಿಯಿತು. ಹೊಲಿಗೆ ಯಂತ್ರದ ಮುಂದೆಯೂ ಅಷ್ಟೇ. ಕಾಲು ತುಳಿಯುತ್ತಿದ್ದರೆ ಮನಸ್ಸು ಎಲ್ಲೋ ಹೋಗಿರುತ್ತಿತ್ತು. ಸೂಜಿಯಡಿಯ ಫ್ರಾಕು ಬೀದಿಯುದ್ದಕ್ಕೂ ಬೆಳೆಯುತ್ತಿತ್ತು, ಅದರೊಳಗೆ ಮಗಳೂ ಬೆಳೆದು, ಮಾಡಿಗೆ ಕೈ ತಾಗಿಸಿ ನಗುತ್ತಿದ್ದಳು. ದಾರ ಮುಗಿದಾಗ ಕನಸೂ ಮುಗಿಯುತ್ತಿತ್ತು.

ಒಂಬತ್ತು ತುಂಬಿದ ಮಗಳು ಏಳರವಳಂತೆ ಕಾಣುತ್ತಿದ್ದಳು. ನೆರೆಯವರು "ಮೂರ್ತಿ ಚಿಕ್ಕದಾದ್ರೂ ಕೀರ್ತಿ ದೊಡ್ಡದು ಬಿಡು" ಎನ್ನುತ್ತಿದ್ದರು. ಹೇಳುವವರಿಗೇನು, ಹೆತ್ತವಳಿಗಲ್ಲವೇ ಸಂಕಟ. ಒಂದು ಹುಟ್ಟುಹಬ್ಬದ ದಿನ, ಹಳೆಯ ಫ್ರಾಕು ಇನ್ನೂ ಸರಿಯಾಗೇ ಇದೆ, ತಾನು ಬೆಳೆದೇ ಇಲ್ಲ ಎಂದು ಮಗಳು ಮುಖ ಸಣ್ಣಗೆ ಮಾಡಿಕೊಂಡಳು. ಆಗಿನಿಂದ ತಾಯಿ ಉಪಾಯ ಹೂಡಿದಳು. ಹುಟ್ಟುಹಬ್ಬ ಹತ್ತಿರವಾದಾಗ, ಮಗಳು ಶಾಲೆಗೆ ಹೋದ ಹೊತ್ತು ನೋಡಿ, ಹಳೆಯ ಫ್ರಾಕಿನ ಅಂಚನ್ನು ಒಳಕ್ಕೆ ಮಡಚಿ ಹೊಲಿಯುವಳು. ಸಂಜೆ ತೊಡಿಸಿ, "ನೋಡೇ, ಮಂಡಿ ಮೇಲೆ ಬಂತು. ಎಷ್ಟು ಬೆಳೆದುಬಿಟ್ಟೆ," ಎನ್ನುವಳು. ಮಗಳ ಮುಖ ಅರಳುತ್ತಿತ್ತು. ಆ ಮುಖಕ್ಕಾಗಿ ಅವಳು ಎಂಥ ಸುಳ್ಳನ್ನಾದರೂ ಹೊಲಿದಾಳು.

"ಹಿಂದೆ ಯಾವತ್ತಾದ್ರೂ ಎತ್ತರ ಅಳತೆ ಮಾಡಿಸಿದ್ರಾ?" ನರ್ಸಮ್ಮ ಬರೆದ ಅಳತೆಯ ಚೀಟಿ ನೋಡುತ್ತ ಒಳಕೋಣೆಯಲ್ಲಿ ಡಾಕ್ಟರಮ್ಮ ಕೇಳಿದರು.

"ಇಲ್ಲಮ್ಮ." ಊರಿನವರ ಅಳತೆಯೆಲ್ಲ ತೆಗೆದವಳು ಮಗಳ ಎತ್ತರಕ್ಕೆ ಮಾತ್ರ ಟೇಪು ಹಿಡಿದಿರಲಿಲ್ಲ. ಅಂಜಿಕೆ.

"ನೀವೂ ಕುಳ್ಳಗಿದ್ದೀರಿ. ವಂಶದಿಂದ ಬಂದದ್ದೇ ಇರಬಹುದು. ಈಗ ಎಷ್ಟಿದ್ದಾಳೆ ಅನ್ನೋದಕ್ಕಿಂತ ವರ್ಷ ವರ್ಷ ಬೆಳೀತಿದ್ದಾಳಾ ಅನ್ನೋದು ಮುಖ್ಯ. ಬಟ್ಟೆ ಗಿಡ್ಡ ಆಗುತ್ತಾ?"

"ಆಗುತ್ತೆ ಡಾಕ್ಟ್ರೇ, ಪ್ರತಿ ವರ್ಷ," ಎಂದು ಮಗಳೇ ಹೇಳಿದಳು. "ಇದೂ ಗಿಡ್ಡ ಆಗೋಯ್ತು ನೋಡಿ." ತೊಟ್ಟಿದ್ದ ನೀಲಿ ಫ್ರಾಕಿನ ಅಂಚನ್ನು ಹೆಮ್ಮೆಯಿಂದ ಹಿಡಿದು ತೋರಿಸಿದಳು.

"ಹಾಗಾದ್ರೆ ಅವಸರ ಏನಿಲ್ಲ. ಆರು ತಿಂಗಳು ಬಿಟ್ಟು ಬನ್ನಿ."

ಎದ್ದು ಹೋಗಬಹುದಿತ್ತು. ದರ್ಜಿಯಮ್ಮ ಬಾಗಿಲವರೆಗೆ ಹೋದಳು ಕೂಡ. ಅಲ್ಲಿ ನಿಂತು, "ಬೆಳೀದೇ ಇದ್ರೆ ಏನಮ್ಮ?" ಎಂದಳು.

"ಕಾರಣ ಹುಡುಕಬೇಕು. ಕೆಲವಕ್ಕೆ ಔಷಧಿ ಇದೆ. ಎಲುಬು ಬಲಿತ ಮೇಲೆ ಮಾತ್ರ ಏನು ಮಾಡಿದ್ರೂ ಬೆಳೆಯಲ್ಲ."

ಮಾತು ಉಗುಳಲೂ ಆಗದ, ನುಂಗಲೂ ಆಗದ ಬಿಸಿತುಪ್ಪವಾಯಿತು. ಅವಳು ಮಗಳ ಮುಂದೆ ಮಂಡಿಯೂರಿ ಫ್ರಾಕಿನ ಅಂಚನ್ನು ಹೊರಳಿಸಿದಳು. "ಇದು ಗಿಡ್ಡ ಆಗಿಲ್ಲ ಡಾಕ್ಟ್ರಮ್ಮ. ನಾನೇ ಮಡಚಿ ಹೊಲಿದಿದ್ದೀನಿ. ಹಿಂದಿನವೂ ಹಾಗೇ." ತಲೆಯೆತ್ತಿ ಮಗಳನ್ನು ನೋಡುವ ಧೈರ್ಯ ಅವಳಿಗಿರಲಿಲ್ಲ.

ಡಾಕ್ಟರಮ್ಮ ಬಯ್ಯಲಿಲ್ಲ. "ಹೇಳಿದ್ದು ಒಳ್ಳೇದಾಯ್ತು. ಎಲುಬು ಎಷ್ಟು ಬಲಿತಿದೆ ನೋಡೋಕೆ ಎಡಗೈ ಎಕ್ಸ್-ರೇ ತೆಗೆಸೋಣ, ರಕ್ತಾನೂ ಕೊಡಿ. ಇವತ್ತೇ."

ಹುಡುಗಿ ತಣ್ಣನೆಯ ಹಲಗೆಯ ಮೇಲೆ ಅಂಗೈ ಬಿಡಿಸಿಟ್ಟಳು. ರಕ್ತಕ್ಕೆ ಸೂಜಿ ಚುಚ್ಚಲು ತೋಳನ್ನು ತಾನೇ ಮುಂದೆ ಚಾಚಿದಳು. ಮನೆಯ ದಾರಿಯಲ್ಲಿ ತಾಯಿಯ ಕೈ ಹಿಡಿಯಲಿಲ್ಲ. ಎರಡು ಹೆಜ್ಜೆ ಮುಂದೆಯೇ ನಡೆದಳು. ದರ್ಜಿಯಮ್ಮನ ಕಣ್ಣಿಗೆ ಇಡೀ ಬೀದಿ ನೀರಿನಲ್ಲಿ ಅಲುಗಾಡುತ್ತಿತ್ತು.

ಮನೆಗೆ ಬಂದವಳೇ ಹುಡುಗಿ ಫ್ರಾಕು ಕಳಚಿ ತಾಯಿಯ ಮಡಿಲಿಗೆ ಹಾಕಿದಳು, ಮೇಲೊಂದು ಸಣ್ಣ ಕತ್ತರಿ ಇಟ್ಟಳು.

"ಬಿಚ್ಚಮ್ಮ."

ಹೊಲಿಗೆ ಒಂದೊಂದಾಗಿ ಬಿಟ್ಟುಕೊಂಡಿತು. ಮಡಿಕೆ ಕೆಳಗಿಳಿಯಿತು. ಬಿಸಿಲು ಕಾಣದ ಆ ಪಟ್ಟಿಯಲ್ಲಿ ನೀಲಿ ಇನ್ನೂ ಹೊಸದಾಗಿತ್ತು. ಹುಡುಗಿ ಮತ್ತೆ ಫ್ರಾಕು ತೊಟ್ಟಳು. ಮಂಡಿ ಮುಚ್ಚಿತು. ಆಮೇಲೆ ಬಾಗಿಲ ಚೌಕಟ್ಟಿಗೆ ಹಿಮ್ಮಡಿ ತಾಗಿಸಿ ನಿಂತಳು. ಈ ಸಲ ಕತ್ತು ಚಾಚಲಿಲ್ಲ.

"ಟೇಪು ತಗೋ," ಎಂದಳು.

ದರ್ಜಿಯಮ್ಮ ಯಂತ್ರದ ಮೇಲಿದ್ದ ಟೇಪನ್ನು ಬಿಡಿಸಿಕೊಂಡು ಮಗಳ ಪಾದದ ಬಳಿ ಕೂತಳು.